ಇಲಿ ಬಿದ್ದ ಮನೆಯ ಕಾವಲು

ಹೊಳೆನರಸೀಪುರದಲ್ಲಿ ನಾವು ಬಾಡಿಗೆಗಿದ್ದದ್ದು ಒಂದು ಹೆಂಚಿನ ಮನೆಯ ಹಿಂಭಾಗದಲ್ಲಿ. ಮುಂಭಾಗದಲ್ಲಿ ಮಾಲೀಕರೇ ಇದ್ದರು. ನಡುವೆ ಗೋಡೆಯಿದ್ದರೂ ಮೇಲಿನ ಅಟ್ಟ ಒಂದೇ. ಒಡೆದ ಹೆಂಚು ತೆಗೆದು ಸೂರು ಕೈಯಾಡಿಸುವುದು ಅವರ ಪಾಲಿನ ಕೆಲಸ, ನೆಲ ಸಾರಿಸಿ ಸುಣ್ಣ ಬಳಿಯುವುದು ನಮ್ಮದು. ಎಲ್ಲ ಬಾಯಿಮಾತಿನ ಕರಾರು. ಪ್ಲೇಗಿನ ಕಾಲದಲ್ಲಿ ಇನ್ನೊಂದು ಕರಾರೂ ಇತ್ತು, ಅದನ್ನು ಯಾರಿಗೂ ಕಲಿಸಬೇಕಾಗಿರಲಿಲ್ಲ. ಸತ್ತ ಇಲಿ ಬಿದ್ದರೆ ಆ ಸೂರಿನಡಿ ಇದ್ದವರಿಗೆಲ್ಲ ಕೂಗಿ ಹೇಳಬೇಕು, ಎಲ್ಲರೂ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳಬೇಕು.

ಒಂದು ಬೆಳಿಗ್ಗೆ ನಮ್ಮ ಒರಳಿನ ಪಕ್ಕ ಇಲಿ ಬಿದ್ದಿತ್ತು. ತಮ್ಮ ಇನ್ನೂ ತೊಟ್ಟಿಲ ಕೂಸು. ಅಪ್ಪ ಕೆಲಸದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಅವ್ವ ಕೂಸನ್ನು ಎತ್ತಿಕೊಂಡು ಮುಂಬಾಗಿಲಿಗೆ ಓಡಿದಳು.

ಮನೆಯೊಡತಿ ಕದದ ಸಂದಿಯಿಂದಲೇ ಮಾತಾಡಿದರು. "ಯಾರ್ಗೂ ಏಳ್ಬ್ಯಾಡ ಕಣವ್ವ. ಮುನ್ಸಿಪಾಲ್ಟಿಯೋರು ಬಂದ್ರೆ ಒಳೀಕೆ ಬಿಸ್ಲು ಬೀಳ್ಲಿ ಅಂತ ಎಂಚೆಲ್ಲಾ ತೆಗ್ದುಬುಡ್ತಾರೆ. ನಮ್ ಕಡೆ ಏನೂ ಬಿದ್ದಿಲ್ಲ. ಬೆಕ್ಕು ಇಡ್ದಿರ್ಬೇಕು, ಸುಮ್ಕಿರು."

ಅವ್ವ ನಂಬಿದಳು. ಇಲಿಯನ್ನು ಕೋಲಿನಿಂದ ಹಿತ್ತಲಿಗೆ ತಳ್ಳಿ, ಸೀಮೆಎಣ್ಣೆ ಸುರಿದು ಸುಟ್ಟಳು.

ಮಾರನೆಯ ದಿನ ಮುಂಬಾಗಿಲಿಗೆ ರಂಗೋಲಿ ಬಿದ್ದಿರಲಿಲ್ಲ. ಬೀಗ ತೂಗುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಯೂ ಇಲ್ಲ, ಕರುವೂ ಇಲ್ಲ. ಎದುರುಮನೆಯ ಅಜ್ಜಿ ನಮ್ಮನ್ನು ನೋಡಿ ಎದೆ ಬಡಿದುಕೊಂಡರು.

"ಅಯ್ಯೋ, ನೀವಿನ್ನೂ ಒಳ್ಗೇ ಇದ್ದೀರಾ? ಅವ್ರ ಅಟ್ಟದಾಗೆ ಮೊನ್ನೇನೇ ಇಲಿ ಬಿದ್ದಿದ್ವಂತೆ. ಕೋಳಿ ಕೂಗೋ ಒತ್ಗೆ ಗಾಡಿ ಕಟ್ಕಂಡು ಅರಕಲಗೂಡಿಗೆ ಒಂಟೋದ್ರಲ್ಲ!"

ಎಮ್ಮೆಯನ್ನು ಎಬ್ಬಿಸಿಕೊಂಡು ಹೋದವರಿಗೆ ನಮ್ಮ ಕದ ತಟ್ಟಲು ಕೈ ಬರಲಿಲ್ಲವೇ? ಅವರಿಗೆ ನಾವು ಆ ಎಮ್ಮೆಗಿಂತ ಕಡೆಯಾದೆವೇ? ಇಷ್ಟು ವರ್ಷಗಳಾದರೂ ನೆನೆದರೆ ಮೈ ಉರಿಯುತ್ತದೆ. ಅವ್ವ ಉಟ್ಟ ಬಟ್ಟೆಯಲ್ಲೇ ನಮ್ಮನ್ನು ಊರಾಚೆಗೆ ಎಳೆದುಕೊಂಡು ಹೋದಳು. ದೇವರ ದಯೆ, ಯಾರಿಗೂ ಜ್ವರ ಬರಲಿಲ್ಲ.

ಪ್ಲೇಗು ಇಳಿದ ಮೇಲೆ ನಾವೂ ಮರಳಿದೆವು, ಅವರೂ ಮರಳಿದರು. ನಾಚಿಕೊಂಡಾರು ಅಂದುಕೊಂಡಿದ್ದರೆ, ಮನೆಯೊಡತಿ ಅವ್ವನ ಮೇಲೆಯೇ ಹರಿಹಾಯ್ದರು. ಖಾಲಿ ಮನೆಗೆ ಕಳ್ಳರು ನುಗ್ಗಿ ಅವರ ತಾಮ್ರದ ಹಂಡೆಯನ್ನು ಹೊತ್ತೊಯ್ದಿದ್ದರು.

"ಏಳ್ದೆ ಕೇಳ್ದೆ ಮನೆ ಬುಟ್ಟು ಓಗಿದ್ದೀರಲ್ಲ! ನೀವಿದ್ರೆ ಮನೆ ಕಾಯ್ಕಂಡಿರ್ತೀರಿ ಅಂತ ತಾನೆ ನಾವು ನಿಮ್ಗೆ ಏಳ್ದೆ ಓಗಿದ್ದು?"

ಅವರ ಬಾಯಿಂದಲೇ ಬಂತು ಆ ಮಾತು. ಬೀದಿಯವರೆಲ್ಲ ಕೇಳಿಸಿಕೊಂಡರು. ಅವ್ವ ಕಂಕುಳಲ್ಲಿದ್ದ ತಮ್ಮನನ್ನು ಅವರ ಮುಖದೆದುರಿಗೇ ಎತ್ತಿ ಹಿಡಿದಳು.

"ಇವುನ್ನೂ ಕಾವಲಿಗೇ ಬುಟ್ಟೋಗಿದ್ರಾ, ಅಕ್ಕಾವ್ರೆ?"