ಅಣ್ಣನಿಗೆ ಕೊಟ್ಟ ಬಣ್ಣ

ಆ ಫೋಟೊ ಕಂಡರೆ ಈಗ ನನಗೆ ಹೇಸಿಗೆ. ತೆಗೆದವನು ನಾನೇ.

ಅಣ್ಣ ರಬಕವಿಯಲ್ಲಿ ನಲವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದವನು. ಮಗಳ ಮದುವೆ ಗೊತ್ತಾದಾಗ ನನ್ನ ಬಳಿ ಬಂದ. "ಮಂದಿ ಸೀರಿಗೆ ಭಾಳ ಬಣ್ಣ ಹಾಕೀನಿ. ನನ್ನ ಮಗಳ ಸೀರಿಗೆ ಯಾರೂ ಹಾಕದ ಬಣ್ಣ ಹಾಕಬೇಕು. ನಿನ್ನ ದುರ್ಬೀನಿನ್ಯಾಗ ಏನರ ಐತೇನೋ ತಮ್ಮಾ?"

ಇತ್ತು. ಆಕಾಶದಲ್ಲಿ ಸಾಲಾಗಿ ನಿಂತ ಮೂರು ಚುಕ್ಕಿಗಳ ಕೆಳಗೆ ಒಂದು ನೀಹಾರಿಕೆ. ಹಿತ್ತಲಲ್ಲಿ ದುರ್ಬೀನಿಗೆ ಕ್ಯಾಮೆರಾ ಸಿಗಿಸಿ ಮೂರು ಸಂಜೆ ಕೂತೆ. ಕಬ್ಬು ಕಡಿದ ಮೇಲೆ ಉಳಿದ ರವದಿ ಸುಡುವ ಹೊಗೆ, ಗಟಾರದ ನಾತ, ಲೆನ್ಸಿನ ಮೇಲೆ ಮಸಿ. ಥೂ! ಆದರೂ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ತಿಳಿ ಗುಲಾಬಿ ಮೂಡಿತು. ಅಂಚಿನಲ್ಲಿ ನೀಲಿ ಎಂದರೆ ನೀಲಿ, ಇಲ್ಲವೆಂದರೆ ಇಲ್ಲ.

ನಾನು ಪಾಠ ಹೇಳುವ ಶಾಲೆಯ ಮಾಸ್ತರರ ವಾಟ್ಸಾಪ್ ಗುಂಪಿಗೆ ಹಾಕಿದೆ. "ಸರ್, ಫೋಟೊ ಮಸಕ ಬಂದೈತಲ್ರಿ" ಎಂದ ಒಬ್ಬ ಪುಣ್ಯಾತ್ಮ. ಸಿಟ್ಟು ನೆತ್ತಿಗೇರಿತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ಬಣ್ಣವನ್ನು ಏರಿಸಿದೆ, ಇನ್ನೂ ಏರಿಸಿದೆ. ಬೇಕರಿ ಕೇಕಿನ ಮೇಲೆ ಮೆತ್ತುತ್ತಾರಲ್ಲ, ಅಂಥ ಕೆಂಪು, ಅಂಥ ನೇರಳೆ. ಎಲ್ಲರೂ ವಾಹ್ ವಾಹ್ ಎಂದರು. ಅಣ್ಣನಿಗೂ ಅದನ್ನೇ ಪ್ರಿಂಟ್ ಹಾಕಿಸಿ ಕೊಟ್ಟೆ.

ಅವನು ಅದನ್ನು ಎದುರಿಗಿಟ್ಟುಕೊಂಡು ನೂಲು ಅದ್ದಿದ, ಒಣಗಿಸಿ ನೋಡಿದ, ಒಪ್ಪದೆ ಮತ್ತೆ ಅದ್ದಿದ. ಎರಡು ವಾರ ಅದೇ ಕೆಲಸ. ಸೀರೆ ಮಗ್ಗದಿಂದ ಇಳಿದ ದಿನ ಸಂಜೆ ಹಿತ್ತಲಿಗೆ ಬಂದ. "ಖರೇದ್ದು ನೋಡೂಣು ತಡಿ" ಎಂದು ದುರ್ಬೀನಿಗೆ ಕಣ್ಣಿಟ್ಟ.

"ಇದೇನಲೇ, ಬೂದಿ ಕಂಡಂಗ ಕಾಣತೈತಿ?"

ದುರ್ಬೀನಿನಲ್ಲೂ ಕಣ್ಣಿಗೆ ಅಷ್ಟೇ ಕಾಣುವುದು, ಬಣ್ಣ ಹಿಡಿಯುವುದು ಕ್ಯಾಮೆರಾ ಎಂದೆ. ಅದು ಸುಳ್ಳೂ ಅಲ್ಲ.

"ಹಂಗಾರ ಕ್ಯಾಮೆರಾ ಹಿಡದದ್ದ ತೋರಸು."

ಬಣ್ಣದ ವಿಷಯದಲ್ಲಿ ಅವನನ್ನು ಯಾಮಾರಿಸುವುದು ಆಗದ ಮಾತು. ಮೊದಲಿನ ತಿಳಿ ಗುಲಾಬಿಯನ್ನು ತೆರೆದು ಮುಂದಿಟ್ಟೆ. ಬಹಳ ಹೊತ್ತು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು.

"ಇಂಥಾದ್ದು ನನ್ನ ಕೈಯಾಗ ಬರತಿತ್ತಲ್ಲೋ" ಎಂದ. "ಇದನ್ನ ಯಾಕ ಕೊಡಲಿಲ್ಲ?"

ನನ್ನ ಮುಖದ ಮೇಲೆ ನಾನೇ ಉಗುಳಿಕೊಳ್ಳಬೇಕು ಅನಿಸಿತು. ಮದುವೆಗೆ ನಾಲ್ಕೇ ದಿನ ಉಳಿದಿದ್ದವು.

ಮದುವೆಯಲ್ಲಿ ಬೀಗರ ಕಡೆಯ ಹೆಣ್ಣುಮಕ್ಕಳು ಸೀರೆಯ ಸೆರಗು ಹಿಡಿದು ಹಿಡಿದು ನೋಡಿದರು. "ಬಣ್ಣ ಯಾರ ಹಾಕ್ಯಾರ್ರೀ?" ಎಂದು ಕೇಳಿದರು.

ಅಣ್ಣ ನನ್ನ ಕಡೆ ಕೈ ಮಾಡಿ ತೋರಿಸಿದ.