ಕೈ ಸೋಲುವವರೆಗೆ

ತರಬೇತುದಾರರಿಗೇ ತರಬೇತಿ ಎಂದರೆ ನನಗೆ ಮೊದಲಿಂದಲೂ ಮೈ ಉರಿ. ವರ್ಷವಿಡೀ ಬಿಸಿಲಲ್ಲಿ, ನೀರಿನ ಮೇಲೆ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವವರನ್ನು ಒಂದು ದಿನ ಫ್ಯಾನಿನ ಕೆಳಗೆ ಕೂರಿಸಿ, ಮಕ್ಕಳಿಗೆ ಹುಟ್ಟು ಹಾಕುವುದನ್ನು ಹೇಗೆ ಕಲಿಸಬೇಕು ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ಹೇಳುತ್ತಾರೆ. ಊಟ ಚೆನ್ನಾಗಿರುತ್ತದೆ, ಅಷ್ಟೇ. ಆ ಸಲ ಹೊನ್ನಾವರದಲ್ಲಿ, ಶರಾವತಿಯ ದಂಡೆಯ ಮೇಲಿನ ಒಂದು ಸಭಾಂಗಣದಲ್ಲಿ ಇಟ್ಟಿದ್ದರು. ನಾನು ಕುಮಟಾದಿಂದ ಬಾಯಿ ಮುಚ್ಚಿಕೊಂಡು ಹೋದದ್ದು ಒಬ್ಬರಿಗಾಗಿ. ನನಗೆ ರೋಯಿಂಗ್ ಕಲಿಸಿದ ಮಾಸ್ತರು ತಾವೂ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದರು.

ಮಾಸ್ತರು ಹೊನ್ನಾವರದ ಎದುರು ದಡದ ಕಾಸರಕೋಡಿನವರು. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನನ್ನು ದೋಣಿ ಹತ್ತಿಸಿದವರು ಅವರೇ. ನಮ್ಮ ಕಡೆ ಮೀನಿಗೆ ಹೋಗುವವರು ಮುಂದೆ ನೋಡಿಕೊಂಡು ದೋಣಿ ನಡೆಸುತ್ತಾರೆ. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ಹುಟ್ಟು ಎಳೆಯುವ ಈ ಆಟ ನೋಡಿ ನನ್ನ ಅಪ್ಪ ನಕ್ಕುಬಿಟ್ಟಿದ್ದರು. ಇದೆಂತ ಹಿಂದುಮುಂದು ಎಂದು ಕೇಳಿದ್ದರು. ಮಕ್ಕಳಿಗೆ ಮುಂದಿನದು ಕಾಣುವುದಿಲ್ಲ, ಅದಕ್ಕೇ ನಾನಿರುವುದು ಎಂದರಂತೆ ಮಾಸ್ತರು. ಅಪ್ಪ ಒಪ್ಪಿದರು.

ತರಬೇತಿಯ ಹಿಂದಿನ ವರ್ಷ ಅವರ ಕೈಯಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿ ತೀರಿಹೋದಳು. ನಾನು ಅಲ್ಲಿರಲಿಲ್ಲ. ಮಾಸ್ತರೇ ಹೇಳಿದ್ದು, ಅದೂ ಒಂದೇ ಸಲ. ನಾಲ್ಕು ಹುಡುಗಿಯರ ದೋಣಿ ಮುಂದೆ, ಮಾಸ್ತರ ಮೋಟಾರು ದೋಣಿ ಹಿಂದೆ. ಇಳಿತ ಶುರುವಾಗಿ ಹೊಳೆಯ ನೀರು ಕಡಲಿನ ಕಡೆಗೆ ಎಳೆಯುತ್ತಿತ್ತು. ಸೆಳೆತಕ್ಕೆ ದೋಣಿ ಅಡ್ಡ ತಿರುಗಿ ಸೇತುವೆಯ ಕಂಬಕ್ಕೆ ಬಡಿದು ಮಗುಚಿತು. ಈ ದೋಣಿಗಳಲ್ಲಿ ಬೂಟನ್ನು ದೋಣಿಗೇ ಬಿಗಿದಿರುತ್ತಾರೆ, ಕಾಲು ಎಳೆದರೆ ಹೊರಗೆ ಬರಬೇಕು. ಮೂವರ ಕಾಲು ಬಂತು. ಒಬ್ಬಳದು ಬರಲಿಲ್ಲ. ಮಾಸ್ತರು ಹಾರಿ, ಮುಳುಗಿ, ಅವಳನ್ನು ಬಿಡಿಸಿಕೊಂಡು ಕಾಸರಕೋಡಿನ ದಡಕ್ಕೆ ತಂದು ಹಾಕಿ, ಎದೆ ಒತ್ತತೊಡಗಿದರು.

ಜನ ಸೇರಿದರು. ಪ್ರಾಯಕ್ಕೆ ಬಂದ ಹುಡುಗಿ, ಮೈಗೆ ಅಂಟಿದ ಒದ್ದೆ ಟಿ-ಶರ್ಟು, ಮೇಲೆ ಬಗ್ಗಿ ಒತ್ತುತ್ತಿರುವ ಗಂಡಸು. ಹಿಂದೆ ಯಾರೋ ಗೊಣಗಿದರಂತೆ. ಆ ಬಾಯಿಗಿಷ್ಟು ಮಣ್ಣು ಹಾಕ. ಅಷ್ಟರಲ್ಲಿ ದೋಣಿ ನಿಲ್ಲಿಸುವ ಕಡೆಯಿಂದ ಹುಡುಗಿಯ ಅಪ್ಪ ಓಡಿಬಂದರು. ಹೆಗಲ ಮೇಲಿದ್ದ ಟವೆಲನ್ನು ತೆಗೆದು ಮಗಳ ಮೈಮೇಲೆ ಹೊದೆಸಿದರು. ಮಾಸ್ತರ ಎರಡೂ ಕೈಗಳನ್ನು ಮೆಲ್ಲಗೆ ಹಿಡಿದರು.

“ಸಾಕು ಮಾಸ್ತರೆ, ಬಿಡಿ. ಅದಕ್ಕೆ ನೋವಾಗ್ತದೆ.”

ಮಾಸ್ತರು ಬಿಟ್ಟರು. ಆಂಬುಲೆನ್ಸ್ ಬಂದದ್ದು ಆಮೇಲೆ.

ನೀರಿನಿಂದ ಎತ್ತುವಾಗಲೇ ಜೀವ ಹೋಗಿತ್ತು ಎಂದರು ಡಾಕ್ಟರು. ವಿಚಾರಣೆಗೆ ಬಂದವರೂ ಮಾಸ್ತರದ್ದೇನೂ ತಪ್ಪಿಲ್ಲ ಎಂದು ಹೇಳಿ ಹೋದರು. ಹುಡುಗಿಯ ಅಪ್ಪ ಒಂದು ದಿನವೂ ಅವರನ್ನು ಬೈದವರಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾರೆ. ಮಾಸ್ತರಿಗೆ ಅದೇ ತಡೆಯಲಾಗುತ್ತಿರಲಿಲ್ಲ. ದೋಣಿ ಇಡುವ ಶೆಡ್ಡಿನ ಕಡೆಗೆ ಅವರು ಮತ್ತೆ ಕಾಲಿಡಲಿಲ್ಲ. ನಾನೂ ಡಾಕ್ಟರ ಮಾತನ್ನೇ ತಿರುಗಿಸಿ ಮುರುಗಿಸಿ ಹೇಳಿ ಸೋತೆ. ನಾನು ಅಲ್ಲಿದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಹೆಂಗಸು ಒತ್ತಿದ್ದರೆ ಯಾರಿಗೂ ಗೊಣಗುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಅಂಥವರು ತರಬೇತಿಗೆ ಬರುತ್ತಾರೆ ಎಂದರೆ ಮತ್ತೆ ದೋಣಿ ಇಳಿಸುವ ಮನಸ್ಸಾಗಿದೆ ಎಂದು ನಾನು ಖುಷಿಪಟ್ಟಿದ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಪಾಠ ಹೇಳಲು ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಬೆಳಿಗ್ಗೆ ಪೂರಾ ಮಕ್ಕಳ ಮನಸ್ಸು, ಮಕ್ಕಳ ಆಹಾರ, ತಂದೆತಾಯಿಗಳ ಜೊತೆ ಹೇಗೆ ಮಾತಾಡಬೇಕು ಇತ್ಯಾದಿ. ಭಟ್ಕಳದಿಂದ ಬಂದ ಒಬ್ಬರು ನನ್ನ ಪಕ್ಕದಲ್ಲೇ ತೂಕಡಿಸುತ್ತಿದ್ದರು. ಮಾಸ್ತರು ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು.

ಚಹಾದ ಹೊತ್ತಿಗೆ ಹತ್ತಿರ ಹೋದೆ. ಮಧ್ಯಾಹ್ನ ಮುಳುಗಿದವರನ್ನು ಬದುಕಿಸುವ ಪಾಠ ಯಾರು ಮಾಡುತ್ತಾರೆ ಎಂದು ಕೇಳಿದರು. ಬೆಂಗಳೂರಿನಿಂದ ಬಂದ ಆ ಹುಡುಗನೇ ಎಂದೆ.

“ಅವರ ಹತ್ರ ಒಂದು ಕೇಳೂದದೆ ತಂಗಿ. ಅದ್ಕೇ ಬಂದದ್ದು.”

ಏನು ಎಂದು ನನಗೆ ಗೊತ್ತಾಗಿಹೋಯಿತು. ನನ್ನ ಖುಷಿಯೆಲ್ಲ ಅಲ್ಲೇ ಇಳಿಯಿತು. ಡಾಕ್ಟರು ಹೇಳಿ ಆತಲ್ಲ, ಮತ್ತೆ ಎಂತಕ್ಕೆ ಕೆದಕುವುದು ಎಂದು ಸಿಟ್ಟಿನಲ್ಲೇ ಹೇಳಿದೆ. ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು.

ಊಟವಾದ ಮೇಲೆ ಒಂದು ಗೊಂಬೆ ತಂದು ಚಾಪೆಯ ಮೇಲೆ ಮಲಗಿಸಿದರು. ತಲೆ ಮತ್ತು ಮುಂಡ ಮಾತ್ರ ಇದ್ದ ರಬ್ಬರಿನ ಗಂಡಸು. ಮುಳುಗಿದವರ ಎದೆ ಹೇಗೆ ಒತ್ತಬೇಕು ಎನ್ನುವ ಪಾಠ. ಸಾಕಷ್ಟು ಆಳಕ್ಕೆ ಒತ್ತಿದರೆ ಗೊಂಬೆಯ ಒಳಗೆ ಟಕ್ ಎಂದು ಸದ್ದಾಗುತ್ತದೆ, ಸದ್ದು ಬರಲಿಲ್ಲ ಎಂದರೆ ಒತ್ತಿದ್ದು ಸಾಲದು. ಹುಡುಗಿ ಆಗಿದ್ದರೆ, ಸುತ್ತ ನಮ್ಮೂರಿನ ಜನ ನಿಂತಿದ್ದರೆ ಹೇಗೆ ಎಂದು ನಾನು ಬೇಕೆಂದೇ ಕೇಳಿದೆ. ಅದೇ ಜಾಗ, ಅದೇ ರೀತಿ, ಏನೂ ವ್ಯತ್ಯಾಸ ಇಲ್ಲ ಮೇಡಂ ಎಂದ ಆ ಹುಡುಗ. ಹೇಳುವುದಕ್ಕೇನು.

ಆಗ ಕೊನೆಯ ಸಾಲಿನಲ್ಲಿ ಮಾಸ್ತರು ಎದ್ದು ನಿಂತರು. ಎಷ್ಟು ಹೊತ್ತು ಒತ್ತಬೇಕು ಎಂದು ಕೇಳಿದರು. ಡಾಕ್ಟರ್ ಬಂದು ಹೇಳುವವರೆಗೆ, ಇಲ್ಲಾ ನಿಮ್ಮ ಕೈ ಪೂರ್ತಿ ಸೋಲುವವರೆಗೆ ಎಂದ ಹುಡುಗ.

“ಅಪ್ಪನೇ ಬಂದು ಬಿಡಿ ಅಂದ್ರೆ?”

“ಅಪ್ಪ ಡಾಕ್ಟರ್ ಅಲ್ವಲ್ಲ ಸರ್. ಮನೆಯವರು ಹೇಳಿದ್ರು ಅಂತ ಯಾವತ್ತೂ ನಿಲ್ಲಿಸಬಾರದು. ಹಾಗೆ ನಿಲ್ಲಿಸಿಯೇ ಜೀವ ಹೋಗೋದು.”

ಸಭಾಂಗಣದಲ್ಲಿದ್ದ ನಮ್ಮ ಕಡೆಯವರಿಗೆಲ್ಲ ಮಾಸ್ತರ ಕತೆ ಗೊತ್ತಿತ್ತು. ತೂಕಡಿಸುತ್ತಿದ್ದ ಭಟ್ಕಳದವರು ನೆಟ್ಟಗೆ ಕೂತರು. ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ, ಪಾಪ; ಪಾಠದಲ್ಲಿ ಇದ್ದದ್ದನ್ನು ಹೇಳಿದ. ಅವನದ್ದು ತಪ್ಪೆಂದು ಇವತ್ತು ನಾನು ಹೇಳಲಾರೆ. ಅವತ್ತು ಮಾತ್ರ ಅವನನ್ನು ಹಿಡಿದು ಹೊಳೆಗೆ ದೂಡಬೇಕು ಅನಿಸಿತ್ತು. ಮಾಸ್ತರು ಆತು ಎಂದು ತಲೆ ಅಲ್ಲಾಡಿಸಿ ಕೂತರು.

ಆಮೇಲೆ ಒಬ್ಬೊಬ್ಬರಾಗಿ ಗೊಂಬೆ ಒತ್ತಿದೆವು. ಸ್ವಲ್ಪ ಹೊತ್ತಿಗೇ ಹುಡುಗ ಸಾಕು ಎನ್ನುತ್ತಿದ್ದ, ಎದ್ದು ಬರುತ್ತಿದ್ದೆವು. ಮಾಸ್ತರ ಸರದಿ ಕೊನೆಗೆ ಬಂತು. ಅವರು ಅಂಗಿಯ ತೋಳು ಮಡಚಿ ಮೊಣಕಾಲೂರಿ ಕೂತರು. ಟಕ್, ಟಕ್, ಟಕ್. ಹುಟ್ಟು ಎಳೆದ ತೋಳು, ಒಂದೇ ಲಯ. ಹುಡುಗನಿಗೆ ಬಹಳ ಸಂತೋಷವಾಯಿತು, ಎಲ್ಲರೂ ನೋಡಿ, ಹೀಗಿರಬೇಕು ಎಂದ. ಆಮೇಲೆ ಸಾಕು ಸರ್ ಎಂದ. ಮಾಸ್ತರು ನಿಲ್ಲಿಸಲಿಲ್ಲ. ಮತ್ತೊಮ್ಮೆ ಹೇಳಿದ. ಅವರು ನಿಲ್ಲಿಸಲಿಲ್ಲ. ಹತ್ತಿರ ಬಗ್ಗಿ ಅವರ ಭುಜದ ಮೇಲೆ ಕೈಯಿಡಲು ಹೋದ.

ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ಅಡ್ಡ ನಿಂತೆ.

“ಮುಟ್ಟಬೇಡಿ ಅವರನ್ನ. ನೀವೇ ಹೇಳಿದ್ರಲ್ಲ, ಡಾಕ್ಟರ್ ಹೇಳೂವರೆಗೆ ನಿಲ್ಲಿಸಬಾರದು ಅಂತ. ನೀವು ಡಾಕ್ಟರಾ?”

ಅವನ ಮುಖ ಬಿಳುಚಿತು. ಭಟ್ಕಳದವರು ಅವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಕೂತವರು ಯಾರೂ ಏಳಲಿಲ್ಲ. ಮಾಸ್ತರು ಒತ್ತುತ್ತಲೇ ಇದ್ದರು. ಬೆವರು ಗೊಂಬೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತಿನ ಮೇಲೆ ಟಕ್ ಎನ್ನುವ ಸದ್ದು ಒಂದು ಬಂದರೆ ಒಂದು ಬರದೆ ಹೋಗತೊಡಗಿತು. ಆಮೇಲೆ ಪೂರ್ತಿ ನಿಂತಿತು. ಸದ್ದಿಲ್ಲದೆಯೂ ಒತ್ತಿದರು. ಕೊನೆಗೆ ಮೊಣಕೈ ಮಡಚಿಹೋಗಿ ಅವರು ಗೊಂಬೆಯ ಮೇಲೇ ಕುಸಿದರು. ನಾನೂ ಭಟ್ಕಳದವರೂ ಹಿಡಿದು ಎಬ್ಬಿಸಿದೆವು.

ಮುಖ ತೊಳೆಯಬೇಕು ಎಂದರು. ಹೊರಗೆ ಹೊಳೆಯ ಕಡೆಗಿದ್ದ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಇಳಿತದ ಹೊತ್ತು, ನೀರು ಅಳಿವೆಯ ಕಡೆಗೆ ಜಗ್ಗಿ ಓಡುತ್ತಿತ್ತು. ಮಾಸ್ತರು ನಲ್ಲಿಗೆ ಕೈ ಹಾಕಿದರು, ತಿರುಗಿಸಲು ಆಗಲಿಲ್ಲ. ನಾನು ತಿರುಗಿಸಿಕೊಟ್ಟೆ. ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಹೇಳೋಣ ಎಂದು ಬಾಯಿ ತೆರೆದೆ. ಅವರು ನೀರಿನ ಕೆಳಗೆ ಹಿಡಿದ ತಮ್ಮ ಕೈಗಳನ್ನೇ ನೋಡುತ್ತಿದ್ದರು.

“ಕೈ ಸೋಲೂಕೆ ಇಷ್ಟು ಹೊತ್ತು ಬೇಕು ನೋಡು,” ಎಂದರು. “ಅವತ್ತು ಸೋತಿರ್ಲಿಲ್ಲ ತಂಗಿ.”