ಬಿಟ್ಟ ಚೆಂಡುಗಳ ಲೆಕ್ಕ

ಆ ಭಾನುವಾರ ಎಜ್‌ವೇರ್‌ನ ಅಕ್ಕನ ಫ್ಲಾಟಿನಲ್ಲಿ ಉಪ್ಪಿಟ್ಟು ತಿಂದು, ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರನ ಬಗ್ಗೆ ನಾನೂ ಅಕ್ಕನೂ ಜಗಳವಾಡಿದೆವು. ನಮ್ಮ ಭಾನುವಾರಗಳು ಇರುತ್ತಿದ್ದದ್ದೇ ಹಾಗೆ. ಅಕ್ಕ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅಲ್ಲಿಯವರು ನಿಜವಾದ ಬೇಸ್‌ಬಾಲ್ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರು ಮೈದಾನದಲ್ಲಿ ಆಡಿದ್ದರ ಮೇಲೆ ಅಂಕ ಎಣಿಸುವ ಪಂದ್ಯವೊಂದನ್ನು ನಡೆಸುತ್ತಿದ್ದರು. ಒಬ್ಬರು ಕಡಿಮೆ ಬಿದ್ದರೆಂದು ಅಕ್ಕ ಸೇರಿದಳು. ಅವಳಿಂದ ನಾನು ಕಲಿತೆ.

ನಮ್ಮ ಜಗಳದ ಆಟಗಾರ ಹಲವು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಆ ವಸಂತದಲ್ಲಿ ಇದ್ದಕ್ಕಿದ್ದಂತೆ ಹೊಡೆಯತೊಡಗಿದ್ದ. ತಂಡಕ್ಕೆ ತೆಗೆದುಕೋ ಎಂದು ನಾನು, ಬೇಡ ಎಂದು ಅವಳು.

“ಅದೃಷ್ಟ ಕಣೋ. ಹೊಡೆದಿದ್ದೆಲ್ಲ ಖಾಲಿ ಜಾಗದಲ್ಲಿ ಬೀಳ್ತಿದೆ. ಎಷ್ಟು ದಿನ ಬೀಳತ್ತೆ?”

“ನೀನು ಮ್ಯಾಚೇ ನೋಡಲ್ವಲ್ಲಕ್ಕ.”

“ನೋಡಿದ್ರೆ ಇಷ್ಟ ಆಗ್ಬಿಡ್ತಾನೆ. ಅದಕ್ಕೇ ನೋಡಲ್ಲ.”

“ಮತ್ತೆ ಹೇಗೆ ಗೊತ್ತಾಗತ್ತೆ?”

“ಬಿಡಬೇಕಾದ ಚೆಂಡನ್ನ ಬಿಡ್ತಾನಾ ನೋಡು. ಹೋದ ವರ್ಷ ಬಂದಿದ್ದಕ್ಕೆಲ್ಲ ಬ್ಯಾಟ್ ಬೀಸ್ತಿದ್ದ, ಮದುವೆ ಮನೇಲಿ ನೀನು ಹೋಳಿಗೆಗೆ ಕೈ ಹಾಕ್ದಂಗೆ. ಅದು ಬದಲಾಗಿದ್ರೆ ಅವನೂ ಬದಲಾಗಿದಾನೆ ಅಂತ. ಇನ್ನೊಂದೆರಡು ತಿಂಗಳು ಹೋಗ್ಲಿ, ಹೇಳ್ತೀನಿ.”

ಭಾವ ಅಡುಗೆಮನೆಯಿಂದ ಕೇಳಿದರು: “ನೀವಿಬ್ರೂ ಇದೀರಾ ಅಂತಾದ್ರೂ ಗೊತ್ತಾ ಅವನಿಗೆ?”

ಸೋಮವಾರ ಕೆಲಸಕ್ಕೆ ಹೊರಟ ಅಕ್ಕ ಟ್ಯೂಬ್ ಸ್ಟೇಷನ್ನಿನಲ್ಲಿ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಎಂದರು. ಬುಧವಾರ ತೀರಿಕೊಂಡಳು.

ವೈಕುಂಠ ಸಮಾರಾಧನೆಯ ದಿನ ನಾನು ಮೂಲೆಯಲ್ಲಿ ಕೂತು ಫೋನಿನಲ್ಲಿ ಅಂಕಿಅಂಶ ನೋಡುತ್ತಿದ್ದೆ. ಬಡಿಸುತ್ತಿದ್ದವರೊಬ್ಬರು “ಆಫೀಸ್ ಕೆಲ್ಸಾನಾ, ಪಾಪ” ಎಂದರು. ಹೂಂ ಎಂದೆ. ಫೆಲ್ಥಮ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ನನಗೆ ಆಫೀಸೂ ಇಲ್ಲ, ಫೋನಿನಲ್ಲಿ ಮಾಡುವ ಕೆಲಸವೂ ಇಲ್ಲ.

ಲ್ಯಾಬಿನವರು ಅವಳ ತಂಡವನ್ನು ನನಗೆ ವಹಿಸಿದರು. ಆ ಆಟಗಾರನನ್ನು ನಾನು ಕೂಡಲೇ ತೆಗೆದುಕೊಳ್ಳಲಿಲ್ಲ. ಅವಳು ಹೇಳಿದಷ್ಟು ಕಾಯೋಣ ಎಂದುಕೊಂಡೆ. ಬೇಸಿಗೆಯ ಹೊತ್ತಿಗೆ ಅವನು ಹೊಡೆದದ್ದು ಎದುರಾಳಿಗಳ ಕೈಗೆ ಸಿಗತೊಡಗಿತು. ಅವನ ಸರಾಸರಿ ಇಳಿಯಿತು, ಹೊಗಳುತ್ತಿದ್ದವರು ಸುಮ್ಮನಾದರು. ಅಕ್ಕನ ಮಾತೇ ಸರಿಯಾಯಿತು. ಆದರೆ ಗುರಿ ತಪ್ಪಿ ಬಂದ ಕೆಟ್ಟ ಚೆಂಡುಗಳನ್ನು ಅವನು ಹೊಡೆಯದೆ ಬಿಡುತ್ತಲೇ ಇದ್ದ. ಅಂಥ ನಾಲ್ಕನ್ನು ಬಿಟ್ಟರೆ ಆಟಗಾರ ಹೊಡೆಯದೆಯೇ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದು ಹೋಗಬಹುದು. ಇವನು ಹಾಗೆ ಆಗಾಗ ನಡೆಯುತ್ತಿದ್ದ.

ಎಸೆಯುವವರು ಹೆದರಿ ಇವನಿಗೇ ಕೆಟ್ಟ ಚೆಂಡು ಹೆಚ್ಚು ಎಸೆಯುತ್ತಿದ್ದಾರೋ ಏನೋ ಎಂಬ ಅನುಮಾನ ಬಂತು. ಹಾಗಾಗಿ ಬಂದ ಕೆಟ್ಟ ಚೆಂಡುಗಳಲ್ಲಿ ಎಷ್ಟು ಪಾಲು ಬಿಟ್ಟ ಎಂದು ಭಾಗಿಸಿ ನೋಡಿದೆ. ಹೋದ ವರ್ಷಕ್ಕಿಂತ ಬಹಳ ಹೆಚ್ಚು ಬಂತು. ಅಂದರೆ ಅವನು ನಿಜವಾಗಿಯೂ ಬದಲಾಗಿದ್ದ. ಅವನನ್ನು ತಂಡಕ್ಕೆ ಸೇರಿಸಿ, ಭಾವನಿಗೆ ಹೇಳಲು ಎಜ್‌ವೇರ್‌ಗೆ ಹೋದೆ.

ಭಾವ ಪೂರ್ತಿ ಕೇಳಿಸಿಕೊಂಡರು. ಕಾಫಿ ಕೊಟ್ಟರು.

“ಅವಳು ಒಪ್ತಿರ್ಲಿಲ್ಲ” ಎಂದರು.

“ಯಾಕೆ ಭಾವ? ಎಲ್ಲಿ ತಪ್ಪಿದೆ?”

“ನಂಗೇನಪ್ಪ ಗೊತ್ತು? ನೀನು ಹೇಳಿದ್ದನ್ನ ಅವಳು ಯಾವತ್ತು ಒಪ್ಪಿದಾಳೆ?”

ಲೆಕ್ಕವನ್ನು ಇನ್ನೂ ಎರಡು ಬಗೆಯಲ್ಲಿ ಮಾಡಿದೆ. ಎರಡರಲ್ಲೂ ಉತ್ತರ ಅದೇ. ಎಲ್ಲೋ ಒಂದು ತಪ್ಪು ಇದ್ದೇ ಇರುತ್ತದೆ. ಅದು ಯಾವುದೆಂದು ಹೇಳುವವಳು ಇಲ್ಲ.